ಹಳೇ ಸೇತುವೆ ಕೆಳಗಿನ ಕಾಡುಜೋಳ

ಈ ವರ್ಷ ಸಸ್ಯಶಾಸ್ತ್ರಕ್ಕೆ ಒಬ್ಬರೂ ಸೇರಲಿಲ್ಲ. ಒಣಗಿಡಗಳ ಕೋಣೆ ತೆರವು ಮಾಡಿಕೊಡಿ ಎಂದರು ಪ್ರಿನ್ಸಿಪಾಲರು. ವಿಭಾಗದಲ್ಲಿ ಉಳಿದಿದ್ದವಳು ವಾಣಿಶ್ರೀ ಒಬ್ಬಳೇ. ಬೀರು ಖಾಲಿ ಮಾಡುತ್ತಿದ್ದಾಗ, ಒಣಗಿದ ಗಿಡ ಹೊಲಿದಿದ್ದ ಒಂದು ಹಳೇ ಹಾಳೆ ಕೈಗೆ ಬಂತು.

ಹದಿನೆಂಟು ವರ್ಷದ ಹಿಂದೆ ಅದೇ ವಿಭಾಗದಲ್ಲಿದ್ದ ರುದ್ರಮುನಿ ಸರ್ ಹರಿಹರದ ಹಳೇ ಸೇತುವೆ ಕೆಳಗಿಂದ ತಂದ ಕಾಡುಜೋಳ. ಇದು ವರ್ಷ ವರ್ಷವೂ ಬೇರಿನಿಂದಲೇ ಚಿಗುರುವ ಜಾತಿ ಎಂದು ಅವರು ಚೀಟಿ ಬರೆದಿದ್ದರು. ವಾಣಿಶ್ರೀ ಅದನ್ನು ಹೊಡೆದುಹಾಕಿ, ಒಂದೇ ವರ್ಷ ಬದುಕುವ ಜಾತಿ ಎಂದು ತಿದ್ದಿದ್ದಳು. ಹಾಳೆಯಲ್ಲಿ ಇದ್ದದ್ದು ಬರೀ ತೆನೆ, ಎಲೆ; ಬೇರಿನ ಭಾಗವೇ ಇರಲಿಲ್ಲ.

"ನೆಲದಾಗೆ ಹರಿಯೋ ಕಾಂಡ ಕಣ್ಣಾರೆ ನೋಡೀನಿ ಮೇಡಂ," ಎಂದಿದ್ದರು ರುದ್ರಮುನಿ ಆಗ.

"ನೋಡಿದ್ರೆ ಸಾಲ್ದು ಸರ್, ತರಬೇಕಿತ್ತು."

ಅಲ್ಲೇ ಇದ್ದ ವಿದ್ಯಾರ್ಥಿಗಳು ನಕ್ಕಿದ್ದರು. ರುದ್ರಮುನಿ ಮತ್ತೆಂದೂ ಗಿಡ ಹುಡುಕಿ ಹೊರಡಲಿಲ್ಲ. ನಿವೃತ್ತಿಯವರೆಗೂ ಅದೇ ಕೋಣೆಯಲ್ಲಿ ಇಬ್ಬರ ನಡುವೆ ಇದ್ದದ್ದು ಬರೀ ನಮಸ್ಕಾರ. ಮೂರು ವರ್ಷದ ಹಿಂದೆ ತೀರಿಕೊಂಡರು.

ಭಾನುವಾರ ವಾಣಿಶ್ರೀ ಹರಿಹರದ ಬಸ್ಸು ಹತ್ತಿದಳು. ಹೊಳೆದಂಡೆಯಲ್ಲಿ ಆಳೆತ್ತರದ ಹುಲ್ಲು. ಕಳೆ ಕೀಳುವ ಕುರ್ಚಿಗೆಯಿಂದ ಬುಡ ಬಗೆಯುತ್ತಿದ್ದಾಗ ಎಮ್ಮೆ ಮೇಯಿಸುತ್ತಿದ್ದ ಭರಮಣ್ಣ ಹತ್ತಿರ ಬಂದ.

"ಅದು ಜೋಳ ಅಲ್ರೀ ಅಕ್ಕಾ, ಹಾಳ್ ಹುಲ್ಲು. ಎಳೇದು ತಿಂದ್ರೆ ದನ ಸಾಯ್ತಾವೆ. ಎಷ್ಟ್ ಕಿತ್ರೂ ಮತ್ತೆ ಬರ್ತೈತೆ."

"ಎಷ್ಟು ವರ್ಷದಿಂದ ಐತೆ ಇಲ್ಲಿ?"

"ನಾನು ಸಣ್ಣಾವಿದ್ದಾಗಿಂದ."

ಮಣ್ಣು ಸರಿಸಿದಳು. ಬೆರಳು ಗಾತ್ರದ ಬಿಳೀ ಕಾಂಡ, ಗೆಣ್ಣು ಗೆಣ್ಣಿಗೂ ಚಿಗುರು, ಒಂದು ಬುಡದಿಂದ ಇನ್ನೊಂದಕ್ಕೆ ನೆಲದೊಳಗೇ ಹರಿದುಹೋಗಿತ್ತು. ವಾಣಿಶ್ರೀ ಒಂದು ಗಿಡವನ್ನು ಆ ಕಾಂಡದ ಸಮೇತ ಬಗೆದು ತೆಗೆದಳು. ಇದನ್ನು ಹೇಳಬೇಕಾಗಿದ್ದದ್ದು ರುದ್ರಮುನಿಯವರಿಗೆ; ಅವರೇ ಈಗ ಇರಲಿಲ್ಲ.

ಗಿಡ ಒಣಗಿದ ಮೇಲೆ, ಬೇರು ಸಮೇತ ಹೊಸ ಹಾಳೆಗೆ ಹೊಲಿದು, ಗುರುತಿಸಿದವರು ರುದ್ರಮುನಿ ಎಂದು ಬರೆದಳು. ಅದನ್ನು ಹಿಡಿದು ಎಸ್.ಎಸ್. ಬಡಾವಣೆಯ ಅವರ ಮನೆಗೆ ಹೋದಳು. ಅವರ ಹೆಂಡತಿ ಅನ್ನಪೂರ್ಣಮ್ಮ ಬಾಗಿಲು ತೆರೆದರು. ವಾಣಿಶ್ರೀ ನಿಂತಲ್ಲೇ ಎಲ್ಲಾ ಹೇಳಿ, "ತಪ್ಪು ನಂದೇ ಇತ್ತು," ಎಂದಳು.

ಅನ್ನಪೂರ್ಣಮ್ಮ ಹಾಳೆಯನ್ನು ತುಸು ಹೊತ್ತು ನೋಡಿದರು. "ನಂಗೆ ಇದೆಲ್ಲ ತಿಳಿಯಂಗಿಲ್ಲವ್ವ. ಅವರು ಮನ್ಯಾಗೆ ನಿಮ್ ಹೆಸರು ಎತ್ತಿದ್ದೇ ಇಲ್ಲ."

ವಾಣಿಶ್ರೀಗೆ ಬೈಸಿಕೊಂಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಒಳಗೆ ಕರೆದಾಗ ಹೋಗಿ, ಹಾಳೆ ಮಡಿಲಲ್ಲಿಟ್ಟುಕೊಂಡು ಕೂತಳು.

"ನಿಮ್ ಮನ್ಯಾಗೆ ಯಾರ್ಯಾರು ಇದೀರಿ?" ಎಂದು ಅನ್ನಪೂರ್ಣಮ್ಮ ಕೇಳಿದರು.

"ನಾನೊಬ್ಬಳೇ."

"ನಾನೂ ಒಬ್ಬಾಕೀನೇ. ಹಂಗಾರೆ ಏಳ್ರಿ, ಕೈ ತೊಳ್ಕೊಳ್ರಿ, ಉಣ್ಣಾನ," ಎಂದು ಅನ್ನಪೂರ್ಣಮ್ಮ ಒಳಗೆ ನಡೆದರು. ಇಬ್ಬರೂ ಎದುರುಬದುರು ಕೂತು ಉಂಡರು.