ತಲೆಬಾಗಿಲಿನ ಹಸಿರು ಪುಡಿ

“ನಮ್ಮ ಮನಿ ಬಾಗಲಾ ನಾವು ಕೆರೀತೀವಿ, ಬೇಕಾದ್ದ ಮಾಡ್ತೀವಿ! ಕೇಳಾಕ ನೀ ಯಾರ ಬೇ? ಗುಳಿಗಿ ಕೊಡಾಕ ಬಂದೀಯಲ್ಲ, ಕೊಟ್ಟ ನಡಿ!”

ರೇಣುಕವ್ವನ ಕೂಗು ಇಬ್ರಾಹಿಂಪುರದ ಓಣಿ ದಾಟಿ ರೈಲು ಹಳಿಯವರೆಗೂ ಕೇಳಿತು. ಎದುರಿಗೆ ನಿಂತವಳು ಆಶಾ ಕಾರ್ಯಕರ್ತೆ ಚಂದ್ರಕಲಾ. ಬಸುರಿ ಸೊಸೆ ಕಾವ್ಯಾಳಿಗೆ ರಕ್ತ ಹೆಚ್ಚಿಸುವ ಗುಳಿಗೆ ತಂದಿದ್ದಳು. ಅವಳೂ ಬಾಯಿ ಸತ್ತವಳಲ್ಲ.

“ಒಂದ ಕೈಲೆ ಗುಳಿಗಿ ನುಂಗಸ್ತೀರಿ, ಇನ್ನೊಂದ ಕೈಲೆ ವಿಷಾ ಉಣಸ್ತೀರಿ. ನೋಡಿ ಸುಮ್ಮ ಹ್ಯಾಂಗ ಹೋಗ್ಲಿರಿ ಅಮ್ಮಾರ?”

“ವಿಷಾ? ನಾಲಿಗಿ ಬಿಗಿ ಹಿಡದ ಮಾತಾಡು!”

ಜಗಳಕ್ಕೆ ಕಾರಣ ತಲೆಬಾಗಿಲಿನ ಚೌಕಟ್ಟು. ಎರಡನೆಯ ಕೂಸು ಬರುತ್ತದೆ, ಮನೆ ಸಾಲದು ಎಂದು ಮಗ ಸತೀಶಕುಮಾರ ರಿಪೇರಿ ಹಿಡಿದಿದ್ದ. ಹಿಂದೆ ಒಂದು ಖೋಲಿ ಎದ್ದಿತ್ತು, ನೆಲಕ್ಕೆ ಹೊಸ ಫರಸಿ ಕಲ್ಲು ಬಿದ್ದಿತ್ತು. ತಲೆಬಾಗಿಲಿನ ಚೌಕಟ್ಟು ಕಿತ್ತು ಹೊಸದು ಕೂಡಿಸೋಣ ಎಂದು ಗಾರೆ ಕೆಲಸದ ಗೌಂಡಿ ಹೇಳಿದಾಗ ರೇಣುಕವ್ವ ಅಡ್ಡ ನಿಂತಳು. ಬಸುರಿ ಇರುವ ಮನೆಯಲ್ಲಿ ತಲೆಬಾಗಿಲು ಕೀಳಬಾರದು, ಹೊಸ್ತಿಲು ಅಲುಗಿಸಬಾರದು, ಹೊಟ್ಟೆಯಲ್ಲಿನ ಕೂಸಿಗೆ ಕೇಡು. ಇದು ಅವಳು ತನ್ನ ಅತ್ತೆಯಿಂದ ಕಲಿತ ಮಾತು.

ಹಾಗಾಗಿ ಚೌಕಟ್ಟು ಕೀಳಲಿಲ್ಲ. ಹಳೆಯ ಬಣ್ಣ ಕೆರೆದು ಹೊಸದು ಹಚ್ಚುವುದೆಂದು ನಿರ್ಧಾರವಾಯಿತು. ರೇಣುಕವ್ವನ ಗಂಡ ಬಸಲಿಂಗಯ್ಯ ಬದುಕಿದ್ದಾಗ ದೀಪಾವಳಿ ಬಂತೆಂದರೆ ಅದಕ್ಕೆ ತಾನೇ ಹಸಿರು ಎಣ್ಣೆ ಬಣ್ಣ ಬಳಿಯುತ್ತಿದ್ದ. ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿದಂತೆ ಬಣ್ಣ ಕೂತಿತ್ತು. ಪೇಂಟರ್ ಭಾಗಪ್ಪ ನಾಲ್ಕು ದಿನದಿಂದ ಅದನ್ನು ಒಣ ಒಣವಾಗಿ ಕೆರೆಯುತ್ತಿದ್ದ. ಉದುರಿದ ಪುಡಿಯನ್ನು ಆರು ತಿಂಗಳ ಬಸುರಿ ಕಾವ್ಯಾ ದಿನಕ್ಕೆ ಮೂರು ಸಲ ಕಸಬರಿಗೆಯಿಂದ ಗುಡಿಸುತ್ತಿದ್ದಳು. ಮೂರು ವರ್ಷದ ಮೊಮ್ಮಗಳು ಸೌಭಾಗ್ಯ ಅಲ್ಲೇ ಆಡುತ್ತಿದ್ದಳು.

ಚೌಕಟ್ಟು ಕಿತ್ತರೆ ಕೇಡು ಎಂದು ನಡುಗಿದ ಹೆಂಗಸು, ಕೆರೆದ ಪುಡಿಗೆ ಮಾತ್ರ ಹೆದರಲಿಲ್ಲ.

“ಹಳೇ ಎಣ್ಣಿ ಬಣ್ಣದಾಗ ಸೀಸ ಇರತೈತ್ರಿ ಅಮ್ಮಾರ,” ಚಂದ್ರಕಲಾ ದನಿ ಇಳಿಸಿದಳು. “ಒಣಾ ಕೆರದ್ರ ಪುಡಿ ಆಗಿ ಏಳತೈತಿ. ಉಸಿರಿನಾಗ ಹೋಗತೈತಿ, ಕೈಗೆ ಹತ್ತಿ ರೊಟ್ಟಿ ಕೂಡ ಹೊಟ್ಟಿಗೆ ಹೋಗತೈತಿ. ತಾಯಿ ರಕ್ತದಿಂದ ಕೂಸಿಗೂ ಮುಟ್ಟತೈತಿ. ಬಸುರ ಇಳೀಬಹುದು. ದಿನಾ ತುಂಬೂದ್ರಾಗ ಹಡೀಬಹುದು. ಹುಟ್ಟಿದ ಕೂಸಿನ ಬುದ್ಧಿ ಮಂಕಾಗಬಹುದು.”

“ನನ್ನ ಗಂಡ ಮೂವತ್ತ ವರ್ಷ ಇದ ಬಣ್ಣಾ ಹಚ್ಯಾನ. ಇದ ಬಾಗಲದಾಗ ಕುಂತು ಮೂರು ಮಕ್ಕಳಿಗೆ ಮಲಿ ಕುಡಿಸೇನಿ. ಏನಾಗೇತಿ?”

“ಅವಾಗ ಬಣ್ಣಾ ಕಟಗಿ ಹಿಡಕೊಂಡ ಕುಂತಿತ್ರಿ. ಮಲಗಿದ ಹಾವು ಅದು. ಈಗ ಕೆರದ ಎಬ್ಬಿಸೀರಿ.”

“ಮತ್ತ ಏನ ಮಾಡಬೇಕಂತಿ?”

“ಕಾವ್ಯಾನ್ನ, ಕೂಸನ್ನ ಇವತ್ತ ಮನಿ ಬಿಡಸ್ರಿ. ಕಾಖಂಡಕಿಗೆ, ಅಕಿ ತವರಿಗೆ ಕಳಸ್ರಿ. ಕೆಲಸ ಮುಗದು ಮನಿ ಸ್ವಚ್ಛ ಆಗೂಮಟಾ ಇಲ್ಲಿ ಕಾಲ ಇಡಬಾರದು.”

ರೇಣುಕವ್ವನಿಗೆ ಮೈಯೆಲ್ಲ ಉರಿದುಹೋಯಿತು. ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಆಗಬೇಕು, ಹಸಿರು ಸೀರೆ ಉಡಿಸಬೇಕು, ಉಡಿ ತುಂಬಬೇಕು; ಆಮೇಲೆ ತವರಿನವರು ಬಂದು ಬಾಣಂತನಕ್ಕೆ ಕರೆದೊಯ್ಯಬೇಕು. ಕುಬಸಕ್ಕೆ ಇನ್ನೂ ಇಪ್ಪತ್ತು ದಿನವಿತ್ತು.

“ಕುಬಸಾ ಆಗದ ಸೊಸಿ ಗಂಟು ಹಿಡಕೊಂಡ ಬಸ್ ಹತ್ತಿದ್ರ ಮಂದಿ ಏನಂತಾರ? ಅತ್ತಿ ಹೊಡದ ಹೊರಗ ಹಾಕ್ಯಾಳ ಅಂತಾರ! ಅರವತ್ತ ವರ್ಷ ಗಳಿಸಿದ ಮಾನಾ ನೀ ಒಂದ ಮಾತಿನಾಗ ತಗೀತಿ?”

“ಅತ್ತಿ...” ಒಳಗಿನಿಂದ ಕಾವ್ಯಾ ಬಂದಳು. “ಮೂರ ದಿನಾ ಆತ್ರಿ, ತಲಿ ಸಿಡ್ಯಾಕತ್ತೈತಿ.”

“ಬಸುರಾಗ ಎಲ್ಲಾರಿಗೂ ಸಿಡೀತೈತಿ. ಒಳಗ ನಡಿ!”

ಆಗ ಕೆರೆಯುವ ಸದ್ದು ನಿಂತಿತು. ಭಾಗಪ್ಪ ಸ್ಟೂಲಿನಿಂದ ಇಳಿದ. ತಲೆ, ಹುಬ್ಬು, ಮೀಸೆ ಎಲ್ಲ ಹಸಿರು. ನಾಲ್ಕು ದಿನದಲ್ಲಿ ನಾಲ್ಕು ಮಾತು ಆಡಿರದ ಮನುಷ್ಯ.

“ಅಮ್ಮಾರ, ನನ್ನ ಹೇಣ್ತಿ ಹೊಟ್ಟ್ಯಾಗ ಮೂರು ಸರ್ತಿ ಕೂಸು ನಿಂತಿತ್ರಿ. ಮೂರೂ ಉಳೀಲಿಲ್ಲ.”

ಅವನು ತನ್ನ ಅಂಗಿಯ ತುದಿ ಹಿಡಿದು ತೋರಿಸಿದ.

“ದಿನಾ ಇಂಥಾ ಅಂಗಿ ಮ್ಯಾಲ ಮನಿಗೆ ಹೋಗತಿದ್ದೆ. ಅಕಿ ಕೊಡವಿ ಕೊಡವಿ ಒಗೀತಿದ್ಲು. ನಮ್ಮವ್ವ ಅಕೀಗೆ ಪಾಪಿಷ್ಠಿ ಅಂದ್ಲು. ನಾನೂ ಅಂದೆ. ಇದರಿಂದ ಆತೋ, ಬ್ಯಾರೆದರಿಂದ ಆತೋ, ಈಗ ಯಾರ ಹೇಳಬೇಕ್ರಿ? ಆದ್ರ ನಮಗ ಇಂಥಾ ಮಾತು ಹೇಳಾಕ ಯಾರೂ ಬರಲಿಲ್ಲ. ನಿಮ್ಮ ಬಾಗಲಕ್ಕ ಬಂದಾರ. ನೀವು ಬೈಯಾಕತ್ತೀರಿ.”

ರೇಣುಕವ್ವ ಕಣ್ಣು ಕೆಳಗೆ ಹಾಕಿದಳು. ಹೊಸ್ತಿಲ ಮೂಲೆಯಲ್ಲಿ ಸೌಭಾಗ್ಯ ಕೂತಿದ್ದಳು. ಮುಂದೆ ಆಟದ ತಾಟು. ತಾಟಿನ ತುಂಬ ಹಸಿರು ಪುಡಿ, ಬಣ್ಣದ ಚಕ್ಕೆ.

“ಆಯೀ, ಮೆಂತೆ ಪಲ್ಯಾ ಮಾಡೇನಿ. ನಾ ಉಂಡೆ. ನೀನೂ ಉಣ್ಣು,” ಎಂದು ಅಜ್ಜಿಯತ್ತ ತಾಟು ಚಾಚಿದಳು.

ಮಗುವಿನ ತುಟಿ ಹಸಿರಾಗಿತ್ತು.

ರೇಣುಕವ್ವ ಅದರ ಬಾಯಿ ತೆರೆಸಿ, ಬೆರಳು ಹಾಕಿ ಚಕ್ಕೆ ತೆಗೆದು, ನೀರಿನಿಂದ ತೊಳೆದಳು. ಕೈ ತೊಳೆದಳು, ಮುಖ ತೊಳೆದಳು. ಯಾರಿಗೂ ಏನೂ ಹೇಳದೆ ಒಳಗೆ ಹೋದವಳು, ಟ್ರಂಕಿನಲ್ಲಿ ಮುಚ್ಚಿ ಇಟ್ಟಿದ್ದ ಬಟ್ಟೆಗಳನ್ನು ಗಂಟು ಕಟ್ಟಿಕೊಂಡು ಹೊರಗೆ ಬಂದಳು.

“ನಡಿ ಕಾವ್ಯಾ. ಮೊದಲ ದವಾಖಾನಿ, ಆಮ್ಯಾಲ ಕಾಖಂಡಕಿ.”

“ಮಂದಿ ಏನಂತಾರ್ರಿ ಅತ್ತಿ?”

“ಸೊಸಿನ್ನ ಹೊರಗ ಹಾಕ್ಯಾಳ ಅಂತಾರ, ಹೌದಲ್ಲ? ಸೊಸಿ ಕೂಡ ಅತ್ತಿನೂ ಹೊರಗ ಬಿದ್ದಾಳ ಅನ್ಲಿ! ಬೀಗರ ಮನಿ ಮೂಲ್ಯಾಗ ಒಂದ ಚಾಪಿ ಹಾಸ್ಕೊಂಡ ಬೀಳತೇನಿ.” ಆಮೇಲೆ ಚಂದ್ರಕಲಾಳ ಕಡೆ ತಿರುಗಿದಳು. ಕ್ಷಮೆ ಕೇಳುವ ಅಭ್ಯಾಸ ಅವಳಿಗಿರಲಿಲ್ಲ. “ನೀನೂ ದವಾಖಾನಿಗೆ ಬಾ ಬೇ. ಡಾಕ್ಟರಗ ಹೇಳಾಕ ನನಗ ಬರೂದಿಲ್ಲ.”

ಹೊರಡುವ ಮುನ್ನ ಚಂದ್ರಕಲಾ ಭಾಗಪ್ಪನಿಗೆ ಹೇಳಿದಳು: “ಕಾಕಾ, ಇನ್ನ ಒಣಾ ಕೆರೀಬ್ಯಾಡ್ರಿ, ಸುಡಬ್ಯಾಡ್ರಿ. ನೀರ ಚಿಮುಕಿಸಿ ಕೆರೀರಿ. ಕೆಳಗ ಪ್ಲಾಸ್ಟಿಕ್ ಹಾಸ್ರಿ. ಧೂಳಿನ ಮಾಸ್ಕ ಹಾಕ್ಕೋರಿ, ಬರೇ ಟವೆಲ್ಲ ಸಾಲೂದಿಲ್ಲ. ಕಸಬರಿಗಿ ಮುಟ್ಟಬ್ಯಾಡ್ರಿ, ಹಸಿ ಅರಬಿಲೆ ಒರಸ್ರಿ. ಈ ಅಂಗಿ ಮ್ಯಾಲ ಮನಿಗೆ ಹೋಗಬ್ಯಾಡ್ರಿ.”

ಭಾಗಪ್ಪ ತಲೆಯಾಡಿಸಿದ. ಅಂಗಿಯನ್ನೇ ನೋಡುತ್ತ ನಿಂತ.

ಮೊಮ್ಮಗಳನ್ನು ಟೊಂಕದ ಮೇಲೆ ಏರಿಸಿಕೊಂಡು ರೇಣುಕವ್ವ ಹೊಸ್ತಿಲು ದಾಟಿದಳು. ಗಂಡ ಬಳಿದ ಚೌಕಟ್ಟನ್ನು ತಿರುಗಿ ಕೂಡ ನೋಡಲಿಲ್ಲ.

ಕುಬಸ ಕಾಖಂಡಕಿಯಲ್ಲೇ ಆಯಿತು. ಮಂದಿ ಆಡಿಕೊಂಡರು, ಊಟ ಮಾಡಿದರು, ಹೋದರು. ದವಾಖಾನೆಯವರು ತಾಯಿ ಮಗಳ ರಕ್ತವನ್ನು ಬೇರೆ ಊರಿಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಸೌಭಾಗ್ಯಳ ರಕ್ತದಲ್ಲಿ ಸೀಸ ಸಿಕ್ಕಿತು. ಕಾವ್ಯಾಳದರಲ್ಲಿಯೂ ಇತ್ತು, ಕಡಿಮೆ. ಪುಡಿಯಿಂದ ದೂರವಿರಿ, ಮತ್ತೆ ಮತ್ತೆ ಪರೀಕ್ಷೆಗೆ ಬನ್ನಿ ಎಂದಿದ್ದಾರೆ. ಕೂಸು ಇನ್ನೂ ಹೊಟ್ಟೆಯಲ್ಲಿದೆ.

ಬಣ್ಣ ಮುಗಿದು ವಾರವಾಯಿತು, ಬಾ ಅವ್ವಾ ಎಂದು ಸತೀಶಕುಮಾರ ದಿನಾ ಫೋನು ಮಾಡುತ್ತಾನೆ. “ಹಸಿ ಅರಬಿಲೆ ಒರಸೀಯೇನ?” ಎಂದು ರೇಣುಕವ್ವ ಕೇಳುತ್ತಾಳೆ. ಒರೆಸಿದ್ದೇನೆ ಎಂದರೆ, “ಇನ್ನೊಮ್ಮೆ ಒರಸು” ಎನ್ನುತ್ತಾಳೆ. ಅವಳು ಇನ್ನೂ ಮರಳಿಲ್ಲ.

ಇದನ್ನು ಕೇಳುತ್ತಿರುವ ತಾಯಂದಿರೇ, ಮನೆ ಯಜಮಾನರೇ, ಸಿಟ್ಟು ಬಂದರೂ ಬರಲಿ, ಹೇಳಿಬಿಡುತ್ತೇನೆ. ಕೂಸು ಬರುತ್ತದೆಂದು ಮನೆ ಚಂದ ಮಾಡುತ್ತೀರಿ, ಮಾಡಿ. ಆದರೆ ಹಳೆಯ ಬಣ್ಣಕ್ಕೆ ಕೈ ಹಚ್ಚುವ ಮೊದಲು ಬಸುರಿಯನ್ನೂ ಮಕ್ಕಳನ್ನೂ ಮನೆಯಿಂದ ಹೊರಗೆ ಕಳಿಸಿ. ಈಗಾಗಲೇ ಕೆರೆದಿದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ, ರಕ್ತ ಪರೀಕ್ಷೆ ಕೇಳಿ. ಮಂದಿಯ ಮಾತು ನಾಲ್ಕು ದಿನ ಇರುತ್ತದೆ. ಕೂಸಿನ ಬುದ್ಧಿಗೆ ಬಿದ್ದ ಪೆಟ್ಟು ಅದು ಬದುಕಿರುವತನಕ ಇರುತ್ತದೆ. ಹೊಸ್ತಿಲು ಕಾಯುವುದು ಕೂಸಿಗಾಗಿ. ಕೂಸಿಗಾಗಿ ಹೊಸ್ತಿಲು ದಾಟಬೇಕಾಗಿ ಬಂದರೆ, ದಾಟಿರಿ.