ಬೆಟ್ಟಕ್ಕೆ ಹೋದವರು

ಅವ್ವನ ಮುಂದೆ ಸುಳ್ಳು ಹೇಳಬಾರದು ಎಂಬ ಹಟ ಮಹದೇವುಗೆ. ಒಳ್ಳೆಯ ಹಟವೇ, ಆದರೆ ಅದರಿಂದ ಕಾಮಗೆರೆಯ ಆ ಮನೆಯಲ್ಲಿ ದಿನಕ್ಕೆರಡು ಸಲ ಸಾವಾಗುತ್ತಿತ್ತು.

"ನಿಮ್ಮಪ್ಪ ಎಲ್ಲೋದ್ರು ಮಗ?" ಎಂದು ದೊಡ್ಡಬಸಮ್ಮ ಕೇಳುವಳು. "ಅಪ್ಪ ತೀರ್ಕಂಡು ಆರು ವರ್ಸ ಆಯ್ತಲ್ಲವ್ವ" ಎಂದು ಇವನು ತಿದ್ದುವನು. ಗಂಡ ಕೆಂಪನಂಜಪ್ಪ ಆಗಷ್ಟೇ ಕಣ್ಣು ಮುಚ್ಚಿದನೇನೋ ಎಂಬಂತೆ ಆಕೆ ಎದೆ ಬಡಿದುಕೊಂಡು, "ಯಾರೂ ನಂಗೇಳ್ನಿಲ್ವಲ್ಲ" ಎಂದು ಬೀದಿಗೆ ಕೇಳುವಂತೆ ಗೋಳಾಡುವಳು. ಗಂಟೆ ಕಳೆದರೆ ಅತ್ತದ್ದು ಮರೆತುಹೋಗುವುದು, ಮತ್ತೆ ಅದೇ ಪ್ರಶ್ನೆ.

ಇದು ಮರೆವಿನ ಕಾಯಿಲೆ, ಎದುರಾಡಬೇಡಿ, ಅವರ ಮನಸ್ಸು ಇರುವ ಕಡೆಗೆ ನೀವೇ ಹೋಗಿ ಮಾತಾಡಿಸಿ ಎಂದು ಆಸ್ಪತ್ರೆಯ ನರ್ಸು ಹೇಳಿದ್ದಳು. ಮಹದೇವು ತಲೆಯಾಡಿಸಿ ಬಂದಿದ್ದ, ಅಷ್ಟೇ. ಕೊನೆಗೊಂದು ಬೆಳಿಗ್ಗೆ ಹೆಂಡತಿ ರೂಪಾಳೇ ರೇಗಿದಳು. "ಮಾವ ಒಂದ್ಸಲ ಸತ್ರು. ನೀವು ದಿನಾ ಸಾಯಿಸ್ತಾ ಇದ್ದೀರಿ. ಅತ್ತೆ ಜೀವ ಎಷ್ಟು ಅಂತ ತಡ್ಕಂಡದು?"

ಆ ಮಾತು ನಾಟಿತು. ಅಂದು ಮಧ್ಯಾಹ್ನ ಅವ್ವ ಕೇಳಿದಾಗ ಪಕ್ಕದಲ್ಲಿ ಕೂತು, ಕೈ ಹಿಡಿದು, "ಅಪ್ಪ ಮಾದಪ್ಪನ ಬೆಟ್ಟಕ್ಕೆ ನಡ್ಕಂಡು ಓಗವ್ರೆ ಕಣವ್ವ" ಎಂದ. "ಸರಿ ಬುಡು ಮತ್ತೆ" ಎಂದು ಆಕೆ ನೆಮ್ಮದಿಯಿಂದ ಸೆರಗು ಸರಿಮಾಡಿಕೊಂಡಳು. ಇಷ್ಟು ಸುಲಭವಿತ್ತೇ ಎಂದು ಮಹದೇವುಗೆ ಜಂಬವೇ ಬಂತು.

ಜಂಬ ಊಟದ ಹೊತ್ತಿನವರೆಗೂ ಬಾಳಲಿಲ್ಲ. ದೊಡ್ಡಬಸಮ್ಮ ತಟ್ಟೆ ಪಕ್ಕಕ್ಕೆ ತಳ್ಳಿದಳು. ಯಜಮಾನ ಬೆಟ್ಟಕ್ಕೆ ನಡೆದು ಹೋದರೆ, ಮರಳಿ ಬಂದು ಪ್ರಸಾದ ಕೊಡುವ ತನಕ ಹೆಂಡತಿ ಅನ್ನ ಮುಟ್ಟಬಾರದು, ಹಾಲು ಬೆಲ್ಲದಲ್ಲೇ ಇರಬೇಕು. ಅದು ಆ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬಂದ ಪದ್ಧತಿ. ಸ್ನಾನ ಮಾಡಿದ್ದನ್ನು ಮರೆಯುವವಳು, ಸೊಸೆಯ ಹೆಸರು ಮರೆತವಳು, ಇದೊಂದನ್ನು ಮರೆತಿರಲಿಲ್ಲ. ಮರೆತಿದ್ದವನು ಮಗ.

"ಬೆಟ್ಟಕ್ಕಲ್ಲ ಕಣವ್ವ, ಅನೂರು ಸಂತೆಗೋಗವ್ರೆ" ಎಂದು ಮಾತು ತಿರುಗಿಸಿ ನೋಡಿದ. "ದೇವ್ರ ವಿಸ್ಯದಲ್ಲಿ ಸುಳ್ಳಾಡ್ಬ್ಯಾಡ" ಎಂದು ಬೈಸಿಕೊಂಡ. ಬೆಟ್ಟದ ಮಾತು ಮಾತ್ರ ಅವಳ ತಲೆಯಿಂದ ಇಳಿಯಲೇ ಇಲ್ಲ. ಮೂರನೆಯ ದಿನಕ್ಕೆ ಅವ್ವ ಗೋಡೆ ಹಿಡಿದು ನಡೆಯುವಂತಾದಳು. ಹಾಲೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತನ್ನ ಬಾಯಿಂದಲೇ ಅವ್ವ ಹೋಗಿಬಿಡುತ್ತಾಳೆಂದು ಮಹದೇವು ಕೊಟ್ಟಿಗೆಯಲ್ಲಿ ನಿಂತು ಅತ್ತ.

ನಾಲ್ಕನೆಯ ದಿನ ಮೊದಲ ಬಸ್ಸಿಗೇ ಬೆಟ್ಟಕ್ಕೆ ಹೋದ. ಅಪ್ಪ ಕಳಿಸಿದ್ದಾರೆ ಎಂದು ಪ್ರಸಾದ ಕೊಟ್ಟರಾಯಿತು ಎಂದುಕೊಂಡಿದ್ದ. ಸಂಜೆ ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಚೀಲ, ಹಣೆ ತುಂಬಾ ವಿಭೂತಿಯೊಂದಿಗೆ ಬಂದರೆ, ಜಗಲಿಯಲ್ಲಿ ಕೂತಿದ್ದ ದೊಡ್ಡಬಸಮ್ಮ ಕಂಬ ಹಿಡಿದು ಎದ್ದುನಿಂತಳು.

"ಬಂದ್ರಾ? ಅಲ್ಲೇ ನಿಂತ್ಕಳಿ. ಕಾಲಿಗೆ ನೀರು ಉಯ್ತೀನಿ."

"ಅವ್ವ, ನಾನು..." ಎಂದು ಶುರುಮಾಡಿದ. ಬಾಗಿಲಲ್ಲಿ ರೂಪ ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದಳು. ಮಗ ಎಂದು ಹೇಳಿದರೆ ಅವ್ವ ಉಣ್ಣುವುದಿಲ್ಲ. ಹೇಳದಿದ್ದರೆ, ಈ ಹೊತ್ತಿಗೆ ಅವನಿಗೆ ಅವ್ವನಿಲ್ಲ. ಕಾಲು ಮುಂದಿಟ್ಟ. ಚೊಂಬಿನ ನೀರು ಹೊಯ್ದು, ಬಾಗಿ, ಹೆತ್ತವಳು ಮಗನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ. ಆದರೂ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

ಪ್ರಸಾದದ ಲಾಡು ಮುರಿದು ಅವಳ ಕೈಗೆ ಕೊಟ್ಟ. ಆಮೇಲೆ ರೂಪ ಬಡಿಸಿದ ಬಿಸಿ ಅನ್ನ ಸಾರನ್ನು ದೊಡ್ಡಬಸಮ್ಮ ತಟ್ಟೆ ಬಳಿದು ಉಂಡಳು. ಕೈ ತೊಳೆದು ಸುತ್ತ ನೋಡಿದಳು.

"ಮಾದೇವು ಎಲ್ಲಿ? ಕಾಣ್ನಿಲ್ವಲ್ಲ."

ಮಹದೇವು ಒಳಗಿನ ಕೋಣೆಯತ್ತ ಕೈ ತೋರಿಸಿದ. "ಉಂಡ್ಬುಟ್ಟು ಮನೀಕಂಡವ್ನೆ."

"ಎಬ್ಬಿಸ್ಬ್ಯಾಡಿ ಪಾಪ. ಅಪ್ಪ ಎಲ್ಲಿ, ಅಪ್ಪ ಎಲ್ಲಿ ಅಂತ ಮೂರು ದಿವ್ಸದಿಂದ ಅತ್ತು ಅತ್ತು ಸಾಕಾಗೋಗದೆ ಮಗೀಗೆ."

"ಇಲ್ಲ ಬಸಮ್ಮ, ಎಬ್ಬಿಸಲ್ಲ" ಎಂದ. ಅವ್ವನನ್ನು ಹೆಸರು ಹಿಡಿದು ಕರೆದದ್ದು ಅವನ ಜನ್ಮದಲ್ಲಿ ಅದೇ ಮೊದಲು.