ಕೊನೆಯ ಕಂತಿನ ತಾಲೀಮು

ಊರೆಲ್ಲ ಅವನ ನಟನೆಗೆ ಹೆದರಿ ಚಪ್ಪಾಳೆ ತಟ್ಟುತ್ತಿತ್ತು. ಹೆಂಡತಿ ಮಾತ್ರ ಬರೀ ಹೆದರುತ್ತಿದ್ದಳು.

‘ಬೆನ್ನ ಹಿಂದಿನವನು’ ಧಾರಾವಾಹಿ ಶುರುವಾಗುವ ಮೊದಲು ಈ ಮಹಾಶಯನನ್ನು ಮಾತಾಡಿಸುವವರೂ ಇರಲಿಲ್ಲ. ಒಂದು ಕಾಲದ ಸಿನಿಮಾ ನಾಯಕ. ಹೊಟ್ಟೆ ಬಂತು, ಕೂದಲು ಹೋಯಿತು, ನಿರ್ಮಾಪಕರು ಫೋನ್ ಎತ್ತುವುದನ್ನು ಬಿಟ್ಟರು. ವರ್ಷಗಟ್ಟಲೆ ಸೋಫಾದ ಮೇಲೆ ನೊಣ ಹೊಡೆಯುತ್ತ ಕೂತವನಿಗೆ ಕೊನೆಗೆ ಈ ಪಾತ್ರ ಸಿಕ್ಕಿತು. ಎದುರುಮನೆಗೆ ಬಾಡಿಗೆಗೆ ಬಂದು, ಮದುವೆಯಾದ ಹೆಣ್ಣನ್ನು ಮೆತ್ತನೆ ಮಾತಿನಲ್ಲೇ ಸೆಳೆದು, ಆಮೇಲೆ ಅವಳ ಉಸಿರಿಗೂ ಬೀಗ ಹಾಕುವ ಗಂಡಸಿನ ಪಾತ್ರ. ಈಗ ಅಂಗಡಿಗೆ ಹೋದರೆ ಹೆಂಗಸರು ಅವನನ್ನು ಕಂಡು ಹಿಂದೆ ಸರಿದು, ಮತ್ತೆ ತಾವೇ ಹತ್ತಿರ ಬಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾಯಕಿಯಾಗಿದ್ದ ಹೊಸ ಹುಡುಗಿಗೆ ಎರಡು ಸಿನಿಮಾ ಕುದುರಿದ್ದವು. ಪೊಲೀಸ್ ಪಾತ್ರದ ಮುದುಕರಿಗೂ, ಇದ್ದ ಹಲ್ಲೆಲ್ಲ ಉದುರಿದ ಮೇಲೆ, ಹಲ್ಲುಪುಡಿಯ ಜಾಹೀರಾತು ಸಿಕ್ಕಿತ್ತು. ಒಬ್ಬ ಕೆಟ್ಟ ಗಂಡಸಿನ ಕಥೆಯಿಂದ ಎಷ್ಟು ಜನರ ಮನೆಯಲ್ಲಿ ಒಲೆ ಉರಿಯಿತು ನೋಡಿ.

ಹೆಂಡತಿಯೂ ನಟಿಯೇ. ಹಾಸ್ಯಪಾತ್ರ ಮಾಡುತ್ತಿದ್ದಳು. ಅವಳು ನಕ್ಕರೆ ನೋಡುವವರು ಕಾರಣ ಕೇಳದೆ ನಗುತ್ತಿದ್ದರಂತೆ, ಅದಕ್ಕೇ ‘ಕಿಲಕಿಲ’ ಎಂದು ಹೆಸರು ಬಿದ್ದಿತ್ತು. ಒಂದೇ ಮನೆಯಲ್ಲಿ ಇಬ್ಬರೂ ಬಣ್ಣ ಹಚ್ಚಿದರೆ ಅಡುಗೆ ಮಾಡುವವರು ಯಾರು ಎಂದು ಮದುವೆಯಾದ ಹೊಸದರಲ್ಲಿ ಅವನು ಕೇಳಿದ. ಪುಣ್ಯಾತ್ಗಿತ್ತಿ, ಅದಕ್ಕೂ ನಕ್ಕು ಬಣ್ಣ ಒರೆಸಿಕೊಂಡಳು.

ಹಾಗಾಗಿ ತಾಲೀಮಿಗೆ ಅವನು ಕರೆದಾಗ ಅವಳಿಗೆ ಸ್ವರ್ಗವೇ ಕೈಗೆ ಸಿಕ್ಕಂತಾಯಿತು. ಚಿತ್ರೀಕರಣದ ಹಿಂದಿನ ದಿನ ಮಾತಿನ ಪುಟಗಳು ಮನೆಗೆ ಬರುತ್ತಿದ್ದವು. ನಾಯಕಿಯ ಮಾತು ಇವಳು ಹೇಳಬೇಕು, ಅವನ ಮಾತು ಅವನು. ಆದರೆ ಅವನದೊಂದು ಪದ್ಧತಿ ಇತ್ತು. ದೃಶ್ಯ ಯಾವಾಗ ಶುರುವಾಗುತ್ತದೆಂದು ಮೊದಲೇ ಹೇಳುತ್ತಿರಲಿಲ್ಲ. ಹೇಳಿ ಹೆದರಿಸಿದರೆ ಹೆದರಿಕೆ ಬರುವುದಿಲ್ಲವಂತೆ. ಒಮ್ಮೆ ಶುರುವಾದ ಮೇಲೆ ನಡುವೆ ನಿಲ್ಲಿಸುವವರು ಕಲಾವಿದರೇ ಅಲ್ಲವಂತೆ. ಪಾತ್ರೆ ತೊಳೆಯುತ್ತಿದ್ದರೆ ಬೆನ್ನಿಗೆ ಅಂಟಿಕೊಂಡಂತೆ ದನಿ ಬರುತ್ತಿತ್ತು, “ಯಾರ ಹತ್ರ ಮಾತಾಡ್ತಿದ್ದೆ?” ಇವಳು ಕೈಯ ಸೋಪಿನ ಸಮೇತ ತಿರುಗಿ ನಾಯಕಿಯಾಗಬೇಕಿತ್ತು.

ಮೊದಮೊದಲು ಮೈ ಝುಮ್ಮೆಂದದ್ದು ಸುಳ್ಳಲ್ಲ. ಎಷ್ಟೋ ವರ್ಷ ಗೋಡೆಗೆ ಒರಗಿಸಿಟ್ಟ ಮಡಿಚುವ ಕುರ್ಚಿಯಂತಿದ್ದವಳನ್ನು ಗಂಡ ಈಗ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದ. ಆ ನೋಟಕ್ಕೇ ಅವಳು ಹಿಂದೆ ಮನೆಯವರನ್ನೆಲ್ಲ ಎದುರು ಹಾಕಿಕೊಂಡು ಅವನನ್ನು ಮದುವೆಯಾಗಿದ್ದು. ಈಗಲೂ ಅವನು ಹತ್ತಿರ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಅದು ಆಸೆಯೋ ಅಂಜಿಕೆಯೋ ಎಂದು ಬಿಡಿಸಿ ನೋಡುವ ಧೈರ್ಯ ಅವಳಿಗಿರಲಿಲ್ಲ.

ಬರಬರುತ್ತ ಅವನು ಪುಟದಲ್ಲಿಲ್ಲದ ಮಾತುಗಳನ್ನು ಆಡತೊಡಗಿದ. ಪಾತ್ರದೊಳಗೆ ಇಳಿದಿದ್ದೇನೆ ಎಂದ. ಮುಂಗೈ ತಿರುಚಿದ. ಆಮೇಲೆ ತಾನೇ ಐಸ್ ತಂದು ಒತ್ತಿ, ನಿನ್ನಂಥ ಕಲಾವಿದೆ ಆ ಹುಡುಗಿ ಏಳು ಜನ್ಮಕ್ಕೂ ಆಗಲಾರಳು ಎಂದು ಹೊಗಳಿದ. ಹೊಗಳಿಕೆ ಕೇಳಿ ಇವಳು ನೋವು ನುಂಗಿದಳು. ಇನ್ನೊಂದು ದಿನ ಕುತ್ತಿಗೆಯ ಮೇಲೆ ಹೆಬ್ಬೆರಳಿನ ಗುರುತು ಎದ್ದಾಗ ತಾಯಿಗೆ ಫೋನ್ ಮಾಡಿದಳು. ಟೀವಿ ನೋಡಿ ನೀನೂ ಹೆದರಿಕೊಂಡೆಯಾ ಎಂದು ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿರ್ದೇಶಕನಿಗೆ ಸೂಕ್ಷ್ಮವಾಗಿ ಹೇಳಿ ನೋಡಿದರೆ ಆ ಪುಣ್ಯಾತ್ಮ ಖುಷಿಯಿಂದ ಕೈಮುಗಿದ. ಮನೆಯಲ್ಲೇ ಇಷ್ಟು ತಯಾರಿ ಆಗುತ್ತದೆ ಅಂತ ಗೊತ್ತಿರಲಿಲ್ಲ ಅಕ್ಕ, ನಿಮ್ಮ ತ್ಯಾಗ ದೊಡ್ಡದು ಎಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಲ್ಲಿಂದಾಚೆ ಅವಳು ಯಾರಿಗೂ ಹೇಳಲಿಲ್ಲ.

ಕೊನೆಯ ಕಂತಿನ ಚಿತ್ರೀಕರಣದ ಹಿಂದಿನ ದಿನ ಮಧ್ಯಾಹ್ನ, ಅವಳು ಐದನೇ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಒದ್ದೆ ಬೆಡ್‌ಶೀಟಿನ ಆಚೆಯಿಂದ ಕೈ ಬಂದು ಅವಳ ಸೊಂಟ ಹಿಡಿಯಿತು. ಮೆಲ್ಲಗೆ, ಬಹಳ ಮೆಲ್ಲಗೆ ಅವಳನ್ನು ಕಂಬಿಗೆ ಒರಗಿಸಿತು.

“ಸಾಕಾಯ್ತು ಕಣೆ. ನೀನು ಇಷ್ಟು ದಿನ ಇದ್ದಿದ್ದೇ ಹೆಚ್ಚು.”

ಪುಟ ಎಲ್ಲಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ನಡುವೆ ನಿಲ್ಲಿಸಬಾರದಲ್ಲ. ಗೊತ್ತಿಲ್ಲದ ದೃಶ್ಯಕ್ಕೆ ಬಾಯಿಗೆ ಬಂದ ಮಾತು ಹೇಳಿದಳು: ಬೇಡ, ತಪ್ಪಾಯ್ತು, ನಿಮ್ಮನ್ನು ಬಿಟ್ಟು ಎಲ್ಲಿಗೂ ಹೋಗಲ್ಲ. ಕಬ್ಬಿಣ ಸೊಂಟಕ್ಕೆ ಒತ್ತುತ್ತಿತ್ತು, ಪಾದದ ಹಿಮ್ಮಡಿ ನೆಲ ಬಿಟ್ಟಿತ್ತು. ಕೆಳಗೆ ನಿಂತಿದ್ದ ಕಾರುಗಳ ನೆತ್ತಿ ಕಾಣಿಸಿತು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ಬಿಟ್ಟ. ಮೊದಲು ಸ್ನಾನ ಮಾಡಿ ಬರುತ್ತೇನೆ, ಆಮೇಲೆ ಪೂರ್ತಿ ಮಾಡೋಣ ಎಂದ. ಕೊನೆಯ ಕಂತಿನ ಪುಟ ಗುಟ್ಟಿನದು, ಬಾಯಿಪಾಠ ಮಾಡಿಕೊಂಡಿದ್ದೇನೆ, ಅದಕ್ಕೇ ನಿನಗೆ ತೋರಿಸಲಿಲ್ಲ ಎಂದೂ ಸೇರಿಸಿದ. ಹೋಗುವಾಗ ಮುಂಬಾಗಿಲಿಗೆ ಒಳಗಿಂದಲೇ ಬೀಗ ಹಾಕಿ, ಬೀಗದಕೈಯನ್ನು ಬಚ್ಚಲಿಗೆ ಜೊತೆಗೇ ಒಯ್ದ.

ಬಚ್ಚಲಲ್ಲಿ ನೀರು ಬಿದ್ದ ಸದ್ದು ಕೇಳಿದ ಮೇಲೆ ಅವಳು ನೆಲದ ಮೇಲೆ ಕೂತಳು. ಪುಟದಲ್ಲಿದ್ದರೆ ಇರಲಿ, ಇದೊಂದೇ ದಿನ, ನಾಳೆಗೆ ಮುಗಿಯಿತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ನಾಯಕಿಯಾಗಿದ್ದ ಹೊಸ ಹುಡುಗಿ.

“ಅಕ್ಕ, ನಿಮಗೇನಾದ್ರೂ ಸುಳಿವು ಇದ್ಯಾ? ನಾನು ಸಾಯ್ತೀನೋ ಬದುಕ್ತೀನೋ ಅಂತಾನೇ ಗೊತ್ತಾಗ್ತಿಲ್ಲ. ಡೈರೆಕ್ಟರ್ ಇನ್ನೂ ಒಂದು ಸಾಲೂ ಬರ್ದಿಲ್ವಂತೆ. ಈಗ ತಾನೇ ಅವರ ಮನೆಯಿಂದ ಬಂದೆ.”

ಬರೆಯದ ಮಾತನ್ನು ಅವನು ಎಲ್ಲಿಂದ ಬಾಯಿಪಾಠ ಮಾಡಿದ?

ಬಚ್ಚಲಿನ ನೀರು ನಿಂತಿತು. ಪೊಲೀಸರಿಗೆ ಫೋನ್ ಮಾಡು ಎಂದು ಪಿಸುಗುಡಲು ಬಾಯಿ ತೆರೆದಳು, ಅಷ್ಟರಲ್ಲೇ ಬಚ್ಚಲ ಬಾಗಿಲು ತೆರೆಯಿತು. ಅವನು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಬಂದು ಅವಳ ಕೈಯಿಂದ ಫೋನ್ ತೆಗೆದುಕೊಂಡು ಆಫ್ ಮಾಡಿದ. ಬಾಲ್ಕನಿಯ ಕಡೆ ತಲೆ ಆಡಿಸಿ ಬಾ ಎಂದ. ಬೀಗದಕೈ ಅವನ ಜೇಬಿನಲ್ಲಿತ್ತು.

ಬೇಡಿಕೊಂಡರೆ ಕೇಳುವವನಲ್ಲ, ಕಿರುಚಿದರೆ ಪಕ್ಕದ ಮನೆಯವರಿಗೆ ತಾಲೀಮು ಕೇಳಿ ಅಭ್ಯಾಸವಾಗಿಬಿಟ್ಟಿತ್ತು. ಅವಳಿಗೆ ಉಳಿದದ್ದು ಹೊಟ್ಟೆಪಾಡಿನ ಹಳೆಯ ವಿದ್ಯೆಯೊಂದೇ. ಎದುರು ಪಾತ್ರ ಒಂದು ಮಾತು ಎಸೆದರೆ ಮುಂದಿನ ಮಾತು ತಾನಾಗಿ ಬಾಯಿಗೆ ಬರುತ್ತದೆ, ನಟರ ಜಾತಿಯೇ ಅಷ್ಟು. ಧಾರಾವಾಹಿಯ ನಡುವೆ ಒಂದು ದೃಶ್ಯವಿತ್ತು. ಅದರಲ್ಲಿ ಅವನಾಡಿದ ಮಾತೊಂದು ಇಡೀ ಊರಿಗೇ ಹುಚ್ಚು ಹಿಡಿಸಿತ್ತು, ಬೀದಿಯಲ್ಲಿ ಸಿಕ್ಕವರೆಲ್ಲ ಅದನ್ನೇ ಹೇಳಿಸುತ್ತಿದ್ದರು. ಅವಳು ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ, ಏನೂ ಸೂಚನೆ ಕೊಡದೆ ಆ ದೃಶ್ಯವನ್ನು ಶುರುಮಾಡಿದಳು.

“ಬಾಗಿಲು ಹಾಕ್ಕೊಂಡು ಪ್ರೀತಿ ಮಾಡೋನೂ ಒಬ್ಬ ಗಂಡಸಾ?”

ಅವನ ಹುಬ್ಬು ಗಂಟಾಯಿತು. ಇದು ಈಗಿನದಲ್ಲ ಎಂದು ಅವನಿಗೂ ಗೊತ್ತಾಯಿತು. ಅವಳು ಅವನ ಕಣ್ಣನ್ನೇ ನೋಡುತ್ತ ನಿಂತಳು. ಮಾತು ನಡುವೆ ತೂಗಾಡಿತು. ಅವನಿಗೆ ತಡೆಯಲಾಗಲಿಲ್ಲ. ಕುತ್ತಿಗೆ ಸ್ವಲ್ಪ ವಾಲಿತು, ತುಟಿಯಂಚಿಗೆ ಆ ಪ್ರಸಿದ್ಧ ನಗು ಬಂತು. ಜೇಬಿಗೆ ಕೈ ಹೋಯಿತು. ಟೀವಿಯಲ್ಲಿ ಮಾಡಿದ ಹಾಗೇ ನಿಧಾನವಾಗಿ ನಡೆದು ಬೀಗ ತೆಗೆದು, ಬಾಗಿಲನ್ನು ಹಾರುಹೊಡೆದು ಪಕ್ಕಕ್ಕೆ ನಿಂತ.

“ಹೋಗು. ನೀನಾಗೇ ವಾಪಸ್ ಬರ್ತೀಯ.”

ದೃಶ್ಯದಲ್ಲಿ ನಾಯಕಿ ನಿಧಾನವಾಗಿ ದಾಟಬೇಕು, ಓಡುವಂತಿಲ್ಲ. ಅವನ ಎದೆಯ ಸೋಪಿನ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರದಲ್ಲಿ ಅವಳು ನಿಧಾನವಾಗಿಯೇ ದಾಟಿದಳು. ಮೆಟ್ಟಿಲಿನ ತಿರುವಿನವರೆಗೂ ನಿಧಾನ. ಆಮೇಲೆ ಓಡಿದಳು ನೋಡಿ, ಬರಿಗಾಲಲ್ಲಿ, ಗೋಡೆಗೆ ಭುಜ ಉಜ್ಜಿಕೊಂಡು, ಜೀವ ಬಾಯಿಗೆ ಬಂದ ಹಾಗೆ. ಮೇಲಿನಿಂದ ಅವನು ಕೂಗಿದ, “ಏ, ಕಟ್. ಸಾಕು, ಬಾ ಮೇಲೆ.” ಆಮೇಲೆ ಚಪ್ಪಲಿಯ ಸದ್ದು ಇಳಿಯತೊಡಗಿತು.

ಎರಡನೇ ಮಹಡಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸಿನ ಬಾಗಿಲು ತೆರೆದಿತ್ತು. ಅವಳು ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು, ಸದ್ದಿಗೆ ಎದ್ದು ಬಂದು, ಇವಳನ್ನೂ ಮೇಲಿನಿಂದ ಇಳಿಯುತ್ತಿದ್ದ ಆ ಹೆಸರಾಂತ ಮುಖವನ್ನೂ ನೋಡಿ ಬಾಯ್ತುಂಬ ನಕ್ಕಳು. ಕೊನೆಯ ಕಂತು ಹೇಗಿರುತ್ತೆ, ನಮಗೂ ಸ್ವಲ್ಪ ಹೇಳಿ ಎಂದಳು. ಇವಳು ಅವಳನ್ನು ತಳ್ಳಿಕೊಂಡೇ ಒಳಗೆ ನುಗ್ಗಿ ಬಾಗಿಲು ಹಾಕಿದಳು.

ಆಚೆಯಿಂದ ಅವನು ಮರ್ಯಾದೆಯಿಂದ ಬಾಗಿಲು ತಟ್ಟಿದ. “ಗಾಬರಿ ಆಗ್ಬೇಡಿ ಅಮ್ಮ, ತಾಲೀಮು ಅಷ್ಟೇ. ಅವಳನ್ನ ಕಳ್ಸಿ.”

ಹೊಲಿಯುವ ಹೆಂಗಸು ಚಿಲಕದ ಮೇಲೆ ಕೈಯಿಟ್ಟು ಇವಳತ್ತ ತಿರುಗಿದಳು. “ಹೌದೇನಮ್ಮ? ನಾಟಕಾನಾ?”

ಇಲ್ಲ ಎನ್ನಬೇಕು. ಗಂಡ ನನ್ನನ್ನು ಕೊಲ್ಲುತ್ತಾನೆ ಎನ್ನಬೇಕು. ಆದರೆ ಅದನ್ನು ಹೇಗೆ ಹೇಳಿದರೂ ಟೀವಿಯ ಮಾತಿನಂತೆಯೇ ಕೇಳಿಸುತ್ತದೆಂದು ಅವಳಿಗೆ ಹೊಳೆಯಿತು. ಬಾಯಿ ತೆರೆದಳು, ಮಾತು ಬರಲಿಲ್ಲ. ಉಸಿರು ಮಾತ್ರ ಗೊರಗೊರ ಎಂದಿತು. ಮೂಗು ಸೋರಿತು, ಹಲ್ಲು ಕಟಕಟ ಬಡಿದುಕೊಂಡವು. ಸೀರೆ ಒದ್ದೆಯಾಗಿ ಉಚ್ಚೆ ಕಾಲ ಸುತ್ತ ನೆಲದ ಮೇಲೆ ಹರಿದದ್ದು ಅವಳಿಗೇ ಗೊತ್ತಾಗಲಿಲ್ಲ.

ಹೊಲಿಯುವ ಹೆಂಗಸು ಆ ನೆಲವನ್ನು ನೋಡಿದಳು. ನಗು ಮುಖದಿಂದ ಇಳಿದುಹೋಯಿತು. ಅವಳು ಚಿಲಕದಿಂದ ಕೈ ತೆಗೆದು ಮೇಲಿನ ಅಗುಳಿಯನ್ನೂ ಜಡಿದಳು. ಹೊಲಿಗೆ ಯಂತ್ರವನ್ನು ಎಳೆದು ಬಾಗಿಲಿಗೆ ಅಡ್ಡ ಇಟ್ಟು, ಪೊಲೀಸರಿಗೆ ಫೋನ್ ಹಚ್ಚಿದಳು.